ಎತ್ತದೆ ಬಿಟ್ಟ ಎಲೆ

ಆಗಸ್ಟ್ 19, ಮಂಗಳವಾರ. ಬೆಳಗ್ಗೆ 8.05, ಬಸ್ಸಿನಲ್ಲಿ

ಸಿದ್ದಕಟ್ಟೆ ದಾಟಿತು. ಅಕ್ಷರ ಕುಣಿಯುತ್ತಿದೆ, ಕುಣಿಯಲಿ. ಓದುವವರು ಯಾರಿದ್ದಾರೆ. ಮೂಡುಬಿದಿರೆಯಿಂದ ಬಿ.ಸಿ. ರೋಡಿಗೆ ದಿನಾ ಹೆಚ್ಚುಕಡಿಮೆ ಒಂದು ಗಂಟೆ. ಕೈ ಸುಮ್ಮನಿದ್ದರೆ ಉಗುರು ಬಾಯಿಗೆ ಹೋಗುತ್ತದೆ, ಅದಕ್ಕೆ ಈ ಡೈರಿ. ಸೊಸೈಟಿಯವರು ಪುಕ್ಕಟೆ ಕೊಟ್ಟದ್ದು. ಪ್ರತಿ ಪುಟದ ಅಡಿಯಲ್ಲೂ ಒಂದು ಸುಭಾಷಿತ. ಅದರ ಮೇಲೆಯೇ ಬರೆಯುತ್ತೇನೆ.

ಫಯಾಝ್ ಬರೆದ ಹೊಸ ಕೋಡ್ ಎಂಟು ಗಂಟೆಗೆ ಸರ್ವರಿಗೆ ಹೋಗಿರಬೇಕು. ಫಯಾಝ್ ನನ್ನ ಜೂನಿಯರ್. ಫರಂಗಿಪೇಟೆಯವ. ನನಗಿಂತ ಹತ್ತು ವರ್ಷ ಸಣ್ಣವ, ನನಗಿಂತ ಚುರುಕು. ಈ ಎರಡನೆಯದು ನನಗೆ ಅಷ್ಟು ಹಿಡಿಸುವುದಿಲ್ಲ. ಇಲ್ಲಿಯಾದರೂ ಬರೆದುಕೊಳ್ಳುವ.

ನಮ್ಮ ಆಫೀಸಿನದ್ದು ಇಷ್ಟೇ ಕೆಲಸ — ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಮೂರು ಕಡೆಯ ಡಯಾಲಿಸಿಸ್ ಸೆಂಟರುಗಳಲ್ಲಿ ಯಾರಿಗೆ ಯಾವ ದಿನ ಯಾವ ಬೆಡ್ ಎಂದು ನೋಡಿಕೊಳ್ಳುವ ಸಾಫ್ಟ್‌ವೇರ್. ಬೆಳಗ್ಗೆ ಹೊತ್ತು ಸರ್ವರ್ ಏದುಸಿರು ಬಿಡುತ್ತದೆ. ಫಯಾಝ್ ಅದನ್ನು ಚುರುಕು ಮಾಡಿದ್ದಾನೆ. ರಾಯಿ ಬಂತು... ಸೀಟಿಗೆ ಜನ.

ಮಧ್ಯಾಹ್ನ 1.20, ಆಫೀಸು

ಕ್ರಮವಾಗಿ ಬರೆಯಬೇಕು. ತಲೆ ಓಡುತ್ತಿಲ್ಲ.

9.10ಕ್ಕೆ ಬೆಳ್ತಂಗಡಿಯಿಂದ ಹರಿಣಾಕ್ಷಿಯ ಫೋನ್. ಅಲ್ಲಿಯ ಸೆಂಟರಿನ ಕಂಪ್ಯೂಟರ್ ನೋಡಿಕೊಳ್ಳುವವಳು.

“ಮೇಡಂ, ಕನ್‌ಫರ್ಮ್ ಒತ್ತಿದ ಕೂಡಲೇ ಕನೆಕ್ಷನ್ ಕಟ್ ಆಗ್ತದೆ. ಮೂರು ಸಲ ಒತ್ತಿದೆ.”

“ಇನ್ನೊಮ್ಮೆ ಒತ್ತಿ ನೋಡಿ.”

“ಒತ್ತಿದೆ ಮೇಡಂ. ಪುನಃ ಕಟ್. ಪೇಷಂಟ್ ಎದುರೇ ನಿಂತಿದ್ದಾರೆ.”

ಪೇಷಂಟ್ ಬಂದಿದ್ದಾರೆ ಎಂದು 9.15ರೊಳಗೆ ಕನ್‌ಫರ್ಮ್ ಆಗದಿದ್ದರೆ ಆ ಬೆಡ್ ತನ್ನಷ್ಟಕ್ಕೆ ಕಾಯುವವರ ಪಟ್ಟಿಯ ಮೊದಲ ಹೆಸರಿಗೆ ಹೋಗುತ್ತದೆ. ಹಾಗೆ ಬೇಕು ಎಂದವರು ಸೆಂಟರಿನವರೇ. ಹೋಯಿತು. ಪುಂಜಾಲಕಟ್ಟೆಯ ಡೊಂಬಯ್ಯ ಎಂಬವರ ಬೆಡ್ಡು. ವಯಸ್ಸು ಅರವತ್ತೆರಡು. ಮಂಗಳವಾರ, ಗುರುವಾರ, ಶನಿವಾರ ಬರುವವರು. ಮಧ್ಯಾಹ್ನ ಹೇಗಾದರೂ ಮಾಡುವ, ಕೂತಿರಿ ಎಂದಳಂತೆ ಹರಿಣಾಕ್ಷಿ. ಅವರು ಜೋರು ಮಾಡಲಿಲ್ಲ. “ಅಡ್ಡಿಯಿಲ್ಲ ಮಗಾ, ಗುರುವಾರ ಬರ್ತೇನೆ” ಎಂದು ಬಸ್ ಹತ್ತಿದರಂತೆ.

ಹತ್ತು ಗಂಟೆಗೆ ಧನರಾಜ್ ಸರ್ ಬಂದರು. ಆಫೀಸಿನ ಯಜಮಾನರು. ಫಯಾಝ್ ಬೆಳಗ್ಗೆ ಹಾಕಿದ್ದನ್ನು ವಾಪಸ್ ತೆಗೆಸಿದರು. ಕೂಡಲೇ ಎಲ್ಲ ಸರಿಯಾಯಿತು. ಎಲ್ಲರೂ ಫಯಾಝ್‌ನ ಮುಖ ನೋಡಿದರು. ನಾನೂ ನೋಡಿದೆ.

ಆಗಸ್ಟ್ 21, ಗುರುವಾರ. ಬೆಳಗ್ಗೆ 11.00

ಡೊಂಬಯ್ಯ ಇವತ್ತು ಬರಲಿಲ್ಲ. ಡಯಾಲಿಸಿಸ್ ತಪ್ಪಿ ಮೈಯಲ್ಲಿ ನೀರು ತುಂಬಿ, ನಿನ್ನೆ ಸಂಜೆ ಉಸಿರು ಕಟ್ಟಿ ಮಂಗಳೂರಿಗೆ ಒಯ್ದರಂತೆ. ಐಸಿಯು. ಹರಿಣಾಕ್ಷಿ ಫೋನಿನಲ್ಲಿ ಹೇಳುವಾಗ ಅತ್ತಳು. ನನಗೆ ಅಳು ಬರಲಿಲ್ಲ.

ಮೀಟಿಂಗ್. ಧನರಾಜ್ ಸರ್ ಫಯಾಝ್‌ಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಟೆಸ್ಟ್ ಮಾಡಿದ್ದಿಯಾ?”

“ಮಾಡಿದ್ದೆ ಸರ್. ಎರಡು ವಾರ.”

“ಮತ್ತೆ ಹೇಗೆ ಹೀಗಾಯ್ತು?”

“ಗೊತ್ತಾಗ್ತಾ ಇಲ್ಲ ಸರ್. ಆದ್ರೆ ನಾನು ಹಾಕಿದ ಮೇಲೆಯೇ ಅಲ್ವಾ ಆದದ್ದು. ನನ್ನದೇ.”

“ಸ್ವಲ್ಪ ದಿನ ಮನೆಯಲ್ಲಿರು. ನಾನು ಹೇಳಿ ಕಳಿಸ್ತೇನೆ.”

ಅವನು ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಇಟ್ಟು, ಚಾರ್ಜರ್ ಸುತ್ತಿ ಅದರ ಪಕ್ಕ ಇಟ್ಟು ಹೋದ. ವೈರನ್ನು ಎಷ್ಟು ಚೆಂದ ಸುತ್ತಿದ್ದ. ಹೇಗೆ ಆಯಿತೆಂದು ಹುಡುಕುವ ಕೆಲಸ ನನಗೆ ಬಂದಿದೆ.

ಆಗಸ್ಟ್ 23, ಶನಿವಾರ. ಮಧ್ಯಾಹ್ನ 2.45

ಸಿಕ್ಕಿತು. ಸಿಗದಿದ್ದರೆ ಒಳ್ಳೆಯದಿತ್ತು.

ಪ್ರತಿ ಸೆಂಟರಿನ ಕಂಪ್ಯೂಟರಿಗೂ ಒಂದು ಡಿಜಿಟಲ್ ಸರ್ಟಿಫಿಕೇಟ್ ಉಂಟು, ಗುರುತಿನ ಚೀಟಿಯ ಹಾಗೆ. ಸರ್ವರ್ ಅದನ್ನು ಪರೀಕ್ಷಿಸಿಯೇ ಒಳಗೆ ಬಿಡುವುದು. ಪರೀಕ್ಷಿಸಲು ಬಳಸುವ ಕ್ರಿಪ್ಟೋ ಲೈಬ್ರರಿ ಎಂಬ ಸಿದ್ಧ ಕೋಡಿನದ್ದು ಒಂದು ಕ್ರಮ. ತಪ್ಪು ಕಂಡರೆ ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ. ಅದನ್ನು ಬಳಸುವ ನಮ್ಮ ಪ್ರೋಗ್ರಾಂ ಆ ಪಟ್ಟಿ ಓದಬೇಕು, ಓದಿ ಖಾಲಿ ಮಾಡಬೇಕು. ಮಾಡದಿದ್ದರೆ ತಪ್ಪು ಅಲ್ಲೇ ಕೂತಿರುತ್ತದೆ. ಮುಂದೆ ಇನ್ಯಾರೋ ಬಂದಾಗ ಸರ್ವರ್ ಪಟ್ಟಿ ನೋಡುತ್ತದೆ, ತಪ್ಪು ಉಂಟು ಎಂದು ಬಂದವರ ಕನೆಕ್ಷನ್ ಕಡಿಯುತ್ತದೆ. ಊಟದ ಪಂಕ್ತಿಯಲ್ಲಿ ಮೊದಲು ಉಂಡವರ ಎಲೆ ಎತ್ತದೆ, ಮುಂದಿನವರನ್ನು ಅದೇ ಎಲೆಯ ಮುಂದೆ ಕೂರಿಸಿ, ಈ ಎಂಜಲೆಲ್ಲ ನಿಮ್ಮದೇ ಎಂದು ಎಬ್ಬಿಸಿ ಕಳಿಸಿದ ಹಾಗೆ.

ಸರ್ವರ್ ಬರೆದಿಟ್ಟ ಹತ್ತೊಂಬತ್ತರ ಲಾಗ್ ಸ್ಪಷ್ಟ ಉಂಟು. 9.07, ಮೂಡುಬಿದಿರೆ ಸೆಂಟರ್, ಸರ್ಟಿಫಿಕೇಟಿನ ಅವಧಿ ಮುಗಿದಿದೆ. 9.08, ಬೆಳ್ತಂಗಡಿ, ಕಟ್. ಪುನಃ ಮೂಡುಬಿದಿರೆ, ಪುನಃ ಬೆಳ್ತಂಗಡಿ ಕಟ್. ಮೂಡುಬಿದಿರೆಯ ಕಂಪ್ಯೂಟರ್ ನಿಮಿಷಕ್ಕೊಮ್ಮೆ ತನ್ನಷ್ಟಕ್ಕೆ ಬಾಗಿಲು ತಟ್ಟುತ್ತಿತ್ತು. ಅಲ್ಲಿ ಆ ದಿನ ಬೆಡ್ಡುಗಳು ಖಾಲಿಯಿದ್ದವು, ಯಾರಿಗೂ ಏನೂ ಆಗಲಿಲ್ಲ. ಮರುದಿನ ಅದನ್ನು ರಿನ್ಯೂ ಮಾಡಿಸಿ, ಅದು ಬೇರೆಯೇ ಸಂಗತಿ ಎಂದುಕೊಂಡಿದ್ದೆವು. ತಪ್ಪು ಮೂಡುಬಿದಿರೆಯದ್ದು, ಪೆಟ್ಟು ಬೆಳ್ತಂಗಡಿಗೆ.

ಮೊದಲು ಹೀಗೆ ಆಗುತ್ತಿರಲಿಲ್ಲ. ಒಬ್ಬೊಬ್ಬರು ಬಂದಾಗಲೂ ಸರ್ವರ್ ಹೊಸ ಪ್ರೊಸೆಸ್ ಹುಟ್ಟಿಸುತ್ತಿತ್ತು, ಕೆಲಸ ಮುಗಿದ ಮೇಲೆ ಅದು ತನ್ನ ಕೊಳೆಯ ಸಮೇತ ಸಾಯುತ್ತಿತ್ತು. ಫಯಾಝ್ ಅದನ್ನು ಸಾಯಿಸದೆ ಮುಂದಿನವರಿಗೂ ಬಳಸುವ ಹಾಗೆ ಮಾಡಿದ. ಅವನು ಮಾಡಿದ್ದು ಸರಿ. ಎಲ್ಲ ಕಡೆ ಹಾಗೆಯೇ ಮಾಡುವುದು.

ಪಟ್ಟಿ ಖಾಲಿ ಮಾಡದ ಫೈಲ್ ನನ್ನದು. 2020, ಲಾಕ್‌ಡೌನ್, ಮನೆಯ ಚಾವಡಿಯಲ್ಲಿ ಕೂತು ಬರೆದದ್ದು. ಸ್ಕ್ರೀನಿನಲ್ಲಿ ಮಾತ್ರ ಹಾಗೆ ಕಾಣುವುದಿಲ್ಲ. ಕಳೆದ ವರ್ಷ ಹಳೆಯ ಕೋಡನ್ನೆಲ್ಲ ಹೊಸ ಜಾಗಕ್ಕೆ ಸಾಗಿಸಿದವ ಫಯಾಝ್. ಹಾಗಾಗಿ ಪ್ರತಿ ಸಾಲಿನ ಪಕ್ಕದಲ್ಲೂ ಅವನ ಹೆಸರೇ.

ನನಗೆ ಮಾತ್ರ ಗೊತ್ತು. ಎದ್ದು ಫ್ಲೈಓವರಿನ ಅಡಿಯವರೆಗೆ ನಡೆದು ಬಂದೆ. ಪುನಃ ಹೋದೆ. ಪುನಃ ಬಂದೆ.

ಆಗಸ್ಟ್ 25, ಸೋಮವಾರ. ಸಂಜೆ 5.40, ಬಸ್ಸಿನಲ್ಲಿ

ಒಂದೇ ಸಾಲು ಸೇರಿಸಿದೆ. ಯಾರೇ ಬರಲಿ, ಮೊದಲು ಪಟ್ಟಿ ಖಾಲಿ. ಫಯಾಝ್ ಮಾಡಿದ್ದನ್ನು ಪುನಃ ಹಾಕಿದೆವು. ಹಾರಿಕೊಂಡು ಹೋಗುತ್ತಿದೆ ಸರ್ವರ್.

ಧನರಾಜ್ ಸರ್ ನನ್ನ ಹಿಂದೆ ಬಂದು ನಿಂತರು.

“ಏನಿತ್ತು?”

“ಎರರ್ ಹ್ಯಾಂಡ್ಲಿಂಗ್ ಸರಿ ಇರಲಿಲ್ಲ ಸರ್. ಈಗ ಸರಿ ಮಾಡಿದ್ದೇನೆ.”

“ಯಾರ ಫೈಲ್ ಅದು?” ಎಂದು ಬಗ್ಗಿ ನೋಡಿದರು. ಸ್ಕ್ರೀನಿನ ತುಂಬ ಫಯಾಝ್, ಫಯಾಝ್, ಫಯಾಝ್.

“ಓ. ಹಾಗಾದ್ರೆ ಎರಡೂ ಅವನದ್ದೇ.”

ನಾನು ಏನೂ ಹೇಳಲಿಲ್ಲ. ಒಂದು, ಎರಡು, ಮೂರು ಸೆಕೆಂಡ್ ಇರಬಹುದು. ಅವರು ಬೆನ್ನು ತಟ್ಟಿ ಹೋದರು. ಆಮೇಲೆ ಎಲ್ಲರಿಗೂ ಗೋಳಿಬಜೆ ತರಿಸಿದರು, ನಾನು ಸರಿ ಮಾಡಿದ್ದಕ್ಕೆ. ಎರಡು ತಿಂದೆ. ರುಚಿಯಿತ್ತು, ಅದೇ ಬೇಸರ.

ಆಗಸ್ಟ್ 28, ಗುರುವಾರ. ಸಂಜೆ 6.15, ಬಸ್ಸಿನಲ್ಲಿ

ನಮ್ಮ ಜೈನರ ದಶಲಕ್ಷಣ ಪರ್ವ ಶುರು. ಹತ್ತು ದಿನ. ಅಮ್ಮನದ್ದು ಒಂದೇ ಹೊತ್ತು ಊಟ. ನನ್ನದು ಸೂರ್ಯ ಮುಳುಗುವ ಮೊದಲು ಊಟ ಎಂಬ ನಿಯಮವಾದರೂ ಇರಲಿ ಎಂದು ಅಮ್ಮ ಬೆಳಗ್ಗೆಯೇ ಡಬ್ಬಿ ಕಟ್ಟಿ ಕೊಟ್ಟಿದ್ದಾರೆ. ಕಿಟಕಿಯಲ್ಲಿ ಸೂರ್ಯನನ್ನು ನೋಡುತ್ತ, ಬ್ರೇಕ್ ಹಾಕಿದಾಗ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಅವಲಕ್ಕಿ ತಿನ್ನುತ್ತಿದ್ದೇನೆ. ಪಕ್ಕದವಳು ನನ್ನನ್ನು ಅನ್ನ ಕಾಣದವಳ ಹಾಗೆ ನೋಡುತ್ತಾಳೆ.

ಮೊದಲ ದಿನದ ಧರ್ಮ ಉತ್ತಮ ಕ್ಷಮೆ. ಅಮ್ಮ ಬಸದಿಗೆ ಹೋಗುವಾಗ “ನೀನೂ ಬಾ” ಎಂದರು. ಬಸ್ ತಪ್ಪುತ್ತದೆ ಎಂದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು.

ಡೊಂಬಯ್ಯ ಮನೆಗೆ ಬಂದರಂತೆ. ಹರಿಣಾಕ್ಷಿ ಮೆಸೇಜ್ ಮಾಡಿದ್ದಾಳೆ. ಹೃದಯಕ್ಕೆ ಸ್ವಲ್ಪ ಪೆಟ್ಟಾಗಿದೆಯಂತೆ, ಇನ್ನು ಹೆಚ್ಚು ನಡೆಯುವ ಹಾಗಿಲ್ಲ. ಬದುಕಿದ್ದಾರೆ. ಬದುಕಿದ್ದಾರಲ್ಲ ಎಂದು ನನಗೆ ನಾನೇ ಹತ್ತು ಸಲ ಹೇಳಿಕೊಂಡೆ.

ಸೆಪ್ಟೆಂಬರ್ 2, ಮಂಗಳವಾರ. ಮಧ್ಯಾಹ್ನ 12.30

ಫಯಾಝ್ ಬಂದಿದ್ದ. ಡ್ರಾಯರಿನಲ್ಲಿ ಬಿಟ್ಟಿದ್ದ ಟಿಫಿನ್, ಕೊಡೆ ತೆಗೆದುಕೊಂಡು ಹೋಗಲು. ಸೊರಗಿದ್ದಾನೆ. ಪ್ಯಾಂಟ್ರಿಯಲ್ಲಿ ಇಬ್ಬರೇ ನಿಂತಿದ್ದೆವು.

“ಸಾಧನಕ್ಕ, ನಾನು ಪುಂಜಾಲಕಟ್ಟೆಗೆ ಹೋಗಿದ್ದೆ. ಡೊಂಬಯ್ಯಣ್ಣನ ಮನೆಗೆ.”

“ಯಾಕೆ?”

“ಯಾಕೆ ಅಂದ್ರೆ... ನನ್ನಿಂದ ಆದದ್ದು ಅಂತ ಹೇಳ್ಲಿಕ್ಕೆ. ಅವರು ಮಲಗಿದ್ದವರು ಎದ್ದು ಕೂತ್ರು. ನನ್ನ ಕೈ ಹಿಡ್ಕೊಂಡು ಪರವಾಗಿಲ್ಲ ಮಗಾ ಅಂದ್ರು. ಕಾಫಿ ಮಾಡಿಸಿದ್ರು.”

ನಾನು ಲೋಟ ತೊಳೆಯುತ್ತಲೇ ಇದ್ದೆ. ತೊಳೆದ ಲೋಟವನ್ನೇ ತೊಳೆದೆ.

“ಒಂದು ಅರ್ಥ ಆಗುವುದಿಲ್ಲ ಅಕ್ಕ. ನಾನು ಬರೆದದ್ದನ್ನು ಮನೆಯಲ್ಲಿ ಕೂತು ಮನಸ್ಸಿನಲ್ಲೇ ಎಷ್ಟು ಸಲ ಓದಿದೆ. ಎಲ್ಲಿ ತಪ್ಪಿದೆ ಅಂತ ಈಗ್ಲೂ ಕಾಣುವುದಿಲ್ಲ. ಕಾಣುವುದಿಲ್ಲ ಅಂದ್ರೆ ನನಗೆ ಕೋಡ್ ಗೊತ್ತಿಲ್ಲ ಅಂತಲೇ ಅಲ್ವಾ. ಮಾವನ ಮೊಬೈಲ್ ಅಂಗಡಿಯಲ್ಲಿ ಕೂತಿದ್ದೇನೆ. ಅದೇ ಸಾಕು.”

ಆಗಲೇ ಹೇಳಬಹುದಿತ್ತು. ಬಾಯಿ ತೆರೆದೆ. “ಊಟ ಮಾಡಿ ಹೋಗು” ಎಂಬ ಮಾತು ಬಂತು.

ಸೆಪ್ಟೆಂಬರ್ 4, ಗುರುವಾರ

ಬರೆಯಲು ಏನೂ ಇಲ್ಲ.

ಸುಳ್ಳು.

ಸೆಪ್ಟೆಂಬರ್ 6, ಶನಿವಾರ. ಬೆಳಗ್ಗೆ 10.20

ಇಪ್ಪತ್ತೈದರಂದು ಇಲ್ಲಿ ಬರೆಯದೆ ಬಿಟ್ಟದ್ದು ಒಂದು ಉಂಟು. ಓದುವವರಿಲ್ಲದ ಡೈರಿಯಲ್ಲೂ ಬಚ್ಚಿಟ್ಟೆ, ಎಂಥ ಹೆಂಗಸು ನಾನು.

ಆ ಫೈಲಿನಲ್ಲಿ, ಸರಿಯಾಗಿ ಆ ಜಾಗದಲ್ಲಿ, ನನ್ನದೇ ಟಿಪ್ಪಣಿ ಇತ್ತು. “ಇಲ್ಲಿ ಎರರ್ ಪಟ್ಟಿ ಓದಿ ಖಾಲಿ ಮಾಡಬೇಕು. ಆಮೇಲೆ ಮಾಡುವ. — ಎಸ್.ಜೆ.” ಸಾಧನಾ ಜೈನ್. ಐದು ವರ್ಷ ಹಿಂದೆಯೇ ನನಗೆ ಗೊತ್ತಿತ್ತು ಎಂದಾಯಿತು. ಮರೆವಲ್ಲ, ಸೋಮಾರಿತನ. ಒಂದು ಸಾಲು ಸೇರಿಸುವಾಗ ಆ ಟಿಪ್ಪಣಿಯನ್ನು ಅಳಿಸಿದೆ. ಹಳೆಯ ಪ್ರತಿಯಲ್ಲಿ ಇನ್ನೂ ಉಂಟು, ಹುಡುಕಿದರೆ ಸಿಗುತ್ತದೆ. ಯಾರು ಹುಡುಕುತ್ತಾರೆ.

ಇನ್ನೂ ಒಂದು. ನಾನು ಸೇರಿಸಿದ ಸಾಲು ಪಟ್ಟಿಯನ್ನು ಓದುವುದೇ ಇಲ್ಲ, ಸುಮ್ಮನೆ ಖಾಲಿ ಮಾಡುತ್ತದೆ. ನಾಳೆ ಬಂಟ್ವಾಳದ ಸರ್ಟಿಫಿಕೇಟ್ ಹಾಳಾದರೆ ಏನಾಯಿತೆಂದು ಯಾರಿಗೂ ತಿಳಿಯದು. ಸರಿ ಮಾಡಿದ್ದೇನೆ ಎಂದು ಗೋಳಿಬಜೆ ತಿಂದದ್ದು ಇದಕ್ಕೆ.

ಸೆಪ್ಟೆಂಬರ್ 8, ಸೋಮವಾರ. ಬೆಳಗ್ಗೆ 7.15, ಮನೆ

ಕ್ಷಮಾವಳಿ. ವರ್ಷಕ್ಕೊಮ್ಮೆ ಎಲ್ಲರಲ್ಲೂ ಕ್ಷಮೆ ಕೇಳುವ ದಿನ. ಎದ್ದ ಕೂಡಲೇ ಫೋನಿನಲ್ಲಿ ಹೂವಿನ ಚಿತ್ರ ಒಂದನ್ನು ಎಲ್ಲರಿಗೂ ಕಳಿಸಿದೆ — “ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ.” ಇನ್ನೂರ ಹದಿನಾಲ್ಕು ಜನ. ಒಂದೇ ಒತ್ತು. ಪಟ್ಟಿಯಲ್ಲಿ ಫಯಾಝ್ ಕೂಡ ಇದ್ದಾನೆಂದು ನೆನಪಾದದ್ದು ಅವನ ಉತ್ತರ ಬಂದ ಮೇಲೆ.

“ನೀವು ನನಗೆ ಏನು ಮಾಡಿದ್ದೀರಿ ಸಾಧನಕ್ಕ. ತಪ್ಪಾದ್ದು ನನ್ನಿಂದ. ನಿಮ್ಮ ಹೆಸರು ಕೂಡ ಹಾಳಾಯ್ತು. ನೀವೇ ಕ್ಷಮಿಸಿ.”

ಮೆಟ್ಟಿಲ ಮೇಲೆ ಕೂತೇ ಇದ್ದೆ. ಅಮ್ಮ ಗೇಟಿನಿಂದ ಒಳಗೆ ಬಂದರು. ಮುಖ ಕೆಂಪು.

“ಎಲ್ಲಿ ಹೋಗಿದ್ದು ಇಷ್ಟು ಬೇಗ?”

“ಪೂವಮ್ಮನ ಮನೆಗೆ.” ಪೂವಮ್ಮ ಎಂದರೆ ನಮ್ಮ ಹಿಂದಿನ ಮನೆಯವರು.

“ಏನಂತೆ?”

“ಅವಳ ಮಗಳ ಸೀಮಂತದ ಪಾಯಸ ಹಳಸಿತ್ತು ಅಂತ ನಾನು ಹತ್ತು ಜನರ ಹತ್ರ ಹೇಳಿದ್ದೆ. ಹಳಸಿರಲಿಲ್ಲ. ನನ್ನನ್ನು ಕೊನೆಯ ಪಂಕ್ತಿಯಲ್ಲಿ ಕೂರಿಸಿದ್ದು ಅಂತ ಸಿಟ್ಟಿನಲ್ಲಿ ಹೇಳಿದ್ದು. ಅದನ್ನು ಹೇಳಿ ಬಂದೆ.”

“ಅವರಿಗೆ ಗೊತ್ತಿತ್ತಾ?”

“ಇಲ್ಲ. ಈಗ ಗೊತ್ತಾಯ್ತು. ಬಾಗಿಲು ಹಾಕಿಕೊಂಡಳು.”

“ಮತ್ತೆ ಯಾಕೆ ಹೇಳ್ಬೇಕಿತ್ತು ಅಮ್ಮ? ತಿಳಿದೋ ತಿಳಿಯದೆಯೋ ಅಂತ ಕೈ ಮುಗಿದು ಬಂದಿದ್ರೆ ಆಗ್ತಿತ್ತು.”

“ತಿಳಿದೇ ಮಾಡಿದ್ದಲ್ವಾ. ಇಂಥದ್ದು ಮಾಡಿದೆ ಅಂತ ಹೆಸರು ಹಿಡಿದು ಹೇಳದೆ ಕ್ಷಮಿಸು ಅಂದ್ರೆ, ಅವಳು ಕ್ಷಮಿಸುವುದು ಏನನ್ನು? ಕ್ಷಮಿಸುವುದು ಬಿಡುವುದು ಅವಳಿಗೆ ಬಿಟ್ಟದ್ದು. ಹೇಳುವುದು ನನ್ನ ಕೆಲಸ.” ಚಪ್ಪಲಿ ಬಿಟ್ಟು ಒಳಗೆ ಹೋದರು. ಒಳಗಿನಿಂದ, “ಹಾಲು ಉಕ್ಕುತ್ತಾ ಉಂಟು ನೋಡು.”

ಬೆಳಗ್ಗೆ 10.40, ಆಫೀಸು

ಬಂದ ಕೂಡಲೇ ಆ ಸಾಲನ್ನು ಸರಿ ಮಾಡಿದೆ. ಈಗ ಸರ್ವರ್ ಪಟ್ಟಿಯ ಪ್ರತಿ ತಪ್ಪನ್ನೂ ಓದಿ, ಯಾವ ಸೆಂಟರಿನದ್ದು, ಎಷ್ಟು ಗಂಟೆಯದ್ದು ಎಂದು ಲಾಗಿನಲ್ಲಿ ಬರೆದು, ಆಮೇಲೆ ಖಾಲಿ ಮಾಡುತ್ತದೆ. ಅಳಿಸಿದ ಟಿಪ್ಪಣಿಯನ್ನು ವಾಪಸ್ ಹಾಕಿದೆ, ಎಸ್.ಜೆ. ಸಮೇತ. ಅದರ ಕೆಳಗೆ, ಸಾಧನಾ ಬರೆದದ್ದು, 2020, ಎಂದು ಸೇರಿಸಿದೆ.

ಆಮೇಲೆ ಧನರಾಜ್ ಸರ್ ಎದುರು ನಿಂತು ಎಲ್ಲ ಹೇಳಿದೆ. ಮೂರು ಸೆಕೆಂಡ್ ಸುಮ್ಮನಿದ್ದದ್ದನ್ನೂ. ಕುರ್ಚಿಯ ಬೆನ್ನು ಹಿಡಿದುಕೊಂಡೇ ಹೇಳಿದೆ.

ಅವರು ಎದ್ದು ಬಾಗಿಲು ಹಾಕಿದರು.

“ಬೇರೆ ಯಾರಿಗಾದ್ರೂ ಗೊತ್ತುಂಟಾ?”

“ಇಲ್ಲ ಸರ್.”

“ಹಾಗಾದ್ರೆ ಬಿಡು ಮಾರಾಯ್ತಿ. ಸೆಂಟರಿನವರಿಗೆ ನಾನು ಉತ್ತರ ಕೊಟ್ಟು ಆಗಿದೆ, ಹೊಸ ಹುಡುಗ, ತೆಗೆದು ಹಾಕಿದ್ದೇವೆ ಅಂತ. ಈಗ ಅವನಲ್ಲ, ಸೀನಿಯರ್ ಅಂತ ಹೇಳಿದ್ರೆ ಕಾಂಟ್ರಾಕ್ಟೇ ಹೋಗ್ತದೆ. ಅವನಿಗೆ ಬೇರೆ ಎಲ್ಲಿಯಾದ್ರೂ ನಾನೇ ಹೇಳಿಸಿ ಕೊಡ್ತೇನೆ.”

ಎಷ್ಟು ಸುಲಭ. ಒಂದು ಕ್ಷಣ ಮೈ ಹಗುರವಾದದ್ದು ನಿಜ, ಅದನ್ನೂ ಬರೆದಿಡಬೇಕು. ಆಮೇಲೆ ನನ್ನ ಮೇಜಿಗೆ ಬಂದು, ತಪ್ಪು ನನ್ನದು, ಫಯಾಝ್‌ನದ್ದಲ್ಲ ಎಂದು ಮೂರು ಸೆಂಟರಿಗೂ ಮೇಲ್ ಕಳಿಸಿದೆ. ಧನರಾಜ್ ಸರ್‌ಗೂ ಒಂದು ಪ್ರತಿ. ಕಳಿಸಿದ ಮೇಲೆ ವಾಪಸ್ ತೆಗೆಯಲು ಬರುವುದಿಲ್ಲ, ಅದಕ್ಕೇ ಮನಸ್ಸು ಬದಲಾಗುವ ಮೊದಲು ಕಳಿಸಿದ್ದು. ಈಗ ಅವರ ಕೋಣೆಯಲ್ಲಿ ಫೋನ್ ಬಡಿದುಕೊಳ್ಳುತ್ತಿದೆ. ಬ್ಯಾಗ್ ತೆಗೆದುಕೊಂಡು ಹೊರಟೆ. ನನ್ನ ಚಾರ್ಜರ್ ಸುತ್ತಿ ಇಡಲು ಹೋದೆ, ಅವನು ಸುತ್ತಿದ ಹಾಗೆ ಬರಲಿಲ್ಲ.

ಮಧ್ಯಾಹ್ನ 1.30, ಬಸ್ಸಿನಲ್ಲಿ

ಫರಂಗಿಪೇಟೆ. ಹೈವೇ ಪಕ್ಕದಲ್ಲೇ ಫಯಾಝ್‌ನ ಮಾವನ ಅಂಗಡಿ. ಮೊದಲು ಅಲ್ಲಿಗೆ ಹೋದೆ. ಫಯಾಝ್ ಯಾರದ್ದೋ ಫೋನಿಗೆ ಸ್ಕ್ರೀನ್‌ಗಾರ್ಡ್ ಅಂಟಿಸುತ್ತಿದ್ದ. ಗುಳ್ಳೆ ಏಳದ ಹಾಗೆ, ಅಂಚಿನಿಂದ ಮೆಲ್ಲ ಒತ್ತಿ ಒತ್ತಿ. ಗಿರಾಕಿ ಹೋಗುವವರೆಗೆ ಕಾದೆ.

ಹೇಳಿದೆ. ಫೈಲು, ಟಿಪ್ಪಣಿ, ಅಳಿಸಿದ್ದು, ಸುಮ್ಮನಿದ್ದದ್ದು. ಅವನು ಮೊದಲು ಕೇಳಿದ್ದು ಇಷ್ಟೇ.

“ಲಾಗ್ ಉಂಟಾ?”

ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ನಿಂತುಕೊಂಡೇ ಓದಿದ. ಬೆರಳಿಟ್ಟು, ಸಾಲು ಸಾಲು. 9.07ರ ಹತ್ತಿರ ಬೆರಳು ನಿಂತಿತು.

“ನನ್ನದು ಸರಿ ಇತ್ತು.”

“ಸರಿ ಇತ್ತು.”

“ಇಪ್ಪತ್ತು ದಿನ ಅಕ್ಕ. ಮನೆಯಲ್ಲಿ ಉಮ್ಮ ನನ್ನ ಎದುರು ಡೊಂಬಯ್ಯಣ್ಣನ ಹೆಸರು ಎತ್ತುವುದಿಲ್ಲ. ನಾನು ಒಬ್ಬರನ್ನು ಸಾಯಿಸ್ಲಿಕ್ಕೆ ಹೋಗಿದ್ದೆ ಅಂತಲೇ ಊಟಕ್ಕೆ ಕೂತ್ಕೊಳ್ತಿದ್ದೆ.”

ಕ್ಷಮಿಸು ಎಂದೆ. ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದ. ಶಟರ್ ಅರ್ಧ ಎಳೆದ.

“ಡೊಂಬಯ್ಯಣ್ಣ ನನ್ನ ಕೈ ಹಿಡಿದು ಪರವಾಗಿಲ್ಲ ಅಂದಿದ್ರಲ್ಲ. ಅದು ನನಗೆ ಬರಬೇಕಾದ್ದಲ್ಲ. ವಾಪಸ್ ಕೊಟ್ಟು ಬರ್ಬೇಕು. ಈಗಲೇ ಹೋಗುವ. ನೀವೂ ಬನ್ನಿ.”

ಈಗ ಅವನು ಮುಂದಿನ ಸೀಟಿನಲ್ಲಿ, ನಾನು ಹಿಂದಿನಲ್ಲಿ. ಟಿಕೆಟ್ ಅವರವರದ್ದು ಅವರವರೇ ತೆಗೆದೆವು. ವಗ್ಗ ದಾಟಿತು. ಒಂದು ಸಲವೂ ತಿರುಗಿ ನೋಡಲಿಲ್ಲ. ನೋಡಲಿ ಎಂದು ಆಸೆ. ನೋಡಿದರೆ ಏನು ಮಾಡುವುದು ಎಂದು ಹೆದರಿಕೆ.

ಮಧ್ಯಾಹ್ನ 2.50, ಪುಂಜಾಲಕಟ್ಟೆ

ಪೇಟೆಯಿಂದ ಒಳಗೆ ಹತ್ತು ನಿಮಿಷ. ಹಂಚಿನ ಸಣ್ಣ ಮನೆ, ಅಂಗಳದಲ್ಲಿ ಒಣಗಲು ಹಾಕಿದ ನೀಲಿ ಲುಂಗಿ. ಡೊಂಬಯ್ಯ ಊಟ ಮಾಡಿ ಮಲಗಿದ್ದಾರಂತೆ. ಫಯಾಝ್ ನೋಡಿ ಬರುತ್ತೇನೆ ಎಂದು ಒಳಗೆ ಹೋಗಿದ್ದಾನೆ. ನಾನು ಬೇಲಿಯ ದಣಪೆಯ ಪಕ್ಕ ಕಲ್ಲಿನ ಮೇಲೆ. ಉಗುರು ಇನ್ನು ಉಳಿದಿಲ್ಲ.

ಏನು ಹೇಳಬೇಕೆಂದು ಬರೆದುಕೊಂಡರೆ ಒಳ್ಳೆಯದು. ಇಲ್ಲದಿದ್ದರೆ ಊಟ ಆಯಿತಾ ಎಂದು ಕೇಳಿಬಿಡುತ್ತೇನೆ.

ಡೊಂಬಯ್ಯಣ್ಣ, ನಾನು ಸಾಧನಾ. ಮೂಡುಬಿದಿರೆಯವಳು. ಆಗಸ್ಟ್ ಹತ್ತೊಂಬತ್ತು, ಮಂಗಳವಾರ, ಬೆಳಗ್ಗೆ ಒಂಬತ್ತೂ ಕಾಲಿಗೆ ನಿಮ್ಮ ಬೆಡ್ ಬೇರೆಯವರಿಗೆ ಹೋದದ್ದು ಈ ಹುಡುಗನಿಂದ ಅಲ್ಲ. ಐದು ವರ್ಷ ಮೊದಲು ಮಾಡಬೇಕಾದ ಒಂದು ಕೆಲಸವನ್ನು ಆಮೇಲೆ ಮಾಡುವ ಎಂದು ಬಿಟ್ಟದ್ದು ನಾನು. ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ಇದ್ದದ್ದು ನಾನು. ನೀವು ಇವನಿಗೆ ಹೇಳಿದ ಆ ಪರವಾಗಿಲ್ಲ —

ಫಯಾಝ್ ಅಂಗಳದಿಂದ ಕರೆಯುತ್ತಿದ್ದಾನೆ.

“ಸಾಧನಕ್ಕ, ಎದ್ದಿದ್ದಾರೆ. ಯಾರು ಬಂದದ್ದು ಅಂತ ಕೇಳ್ತಾ ಇದ್ದಾರೆ. ಏನು ಹೇಳ್ಲಿ?”

ಹೇಳಬೇಡ. ನಾನೇ ಹೇಳ್ತೇನೆ.